ಒಳ್ಳೆಯ ಮೂಲೆಯ ಮಣ್ಣು

ಸಿರಿಗೇರಿಯ ಮರಿಬಸಪ್ಪನ ಹೊಲದ ತಗ್ಗಿನ ಭಾಗ ಬೆಳ್ಳಗಾಗತೊಡಗಿ ಮೂರ್ನಾಲ್ಕು ವರ್ಷವಾಗಿತ್ತು. ಕಾಲುವೆ ನೀರು ಬಂದ ಹೊಸತರಲ್ಲಿ ಅಲ್ಲಿ ಭತ್ತ ಸೊಂಟದ ಮಟ್ಟ ಬೆಳೆಯುತ್ತಿತ್ತು. ಈಗ ನೆಟ್ಟ ಸಸಿ ಸುಟ್ಟಂತೆ ಕೆಂಪಾಗಿ ಕುಳಿತುಬಿಡುತ್ತಿತ್ತು. ಬೇಸಿಗೆಯಲ್ಲಿ ನೋಡಿದರೆ ಯಾರೋ ವಿಭೂತಿ ಚೆಲ್ಲಿ ಹೋದ ಹಾಗೆ ನೆಲ. ಊರವರು ಅದನ್ನು ಚೌಳು ಎನ್ನುತ್ತಿದ್ದರು. ಚೌಳು ಹತ್ತಾರು ಮನೆಯವರ ಹೊಲದಲ್ಲಿತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಲ ಚೌಳಾಯಿತೆಂದರೆ ಭೂಮಿತಾಯಿ ಆ ಮನೆಯ ಮೇಲೆ ಮುನಿದಳು ಎಂಬುದು ಹಿರಿಯರಿಂದ ಬಂದ ನಂಬಿಕೆ.

೧೯೭೮ರ ಬೇಸಿಗೆಯಲ್ಲಿ ಮಗಳು ಶಿವಲೀಲಾ ಬಳ್ಳಾರಿಯ ಕಾಲೇಜಿನಿಂದ ಬಂದಳು. ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆ ಮುಗಿಸಿದ್ದಳು. ಕೈಯ ಚೀಲ ಕೆಳಗಿಡುವ ಮೊದಲೇ ಹೇಳಿದಳು:

“ಯಪ್ಪಾ, ನಾನು ಸೂಟ್ಯಾಗ ಇಲ್ಲಿ ಇರಂಗಿಲ್ಲ. ಬರೋ ವಾರ ವಾಪಸ್ ಹೋಗಾಕ ಬೇಕು. ನಮ್ಮ ಮೇಡಮ್ಮಾರು ಸಂಶೋಧನಿಗೆ ನನ್ನ ಆರಿಸ್ಯಾರ.”

“ಯಾತರ ಸಂಶೋಧನಿ?”

“ಹೊಲ ಯಾಕ ಚೌಳಾಗ್ತಾವ ಅಂತ. ವಿಶ್ವವಿದ್ಯಾಲಯದವ್ರು ಈ ಸಲ ಡಿಗ್ರಿ ಹುಡುಗ್ರಿಗೂ ಅವಕಾಶ ಕೊಟ್ಟಾರ.”

ತಾಯಿ ಎರ್ರಮ್ಮ ಒಳಗಿನಿಂದಲೇ ಅಂದಳು: “ಅದಕ್ಕ ಅಷ್ಟು ದೂರ ಯಾಕವ್ವ? ಹಿಂದಿನ ಬಾಗಲದಿಂದ ಹೋದ್ರ ನಿಮ್ಮಪ್ಪನ ಹೊಲ ಐತಲ್ಲ!”

ಮರಿಬಸಪ್ಪ ಹೆಂಡತಿಯ ಕಡೆ ಕಣ್ಣು ಬಿಟ್ಟ. ಮಗಳಿಗೆ ಬೇಡ ಎಂದುಬಿಟ್ಟ.

ಭಾನುವಾರ ಪಕ್ಕದ ಮನೆಯ ಹುಲುಗಪ್ಪ ಮಾಸ್ತರು ಬಂದರು. ಅವರು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ರಜೆಗೆ ಊರಿಗೆ ಬಂದರೆ ಮರಿಬಸಪ್ಪನ ಕಟ್ಟೆಯ ಮೇಲೇ ಅವರ ಬಿಡಾರ.

“ಮಾಸ್ತರ್ರ, ಸಂಶೋಧನಿ ಅಂದ್ರ ಗಡ್ಡ ಬೆಳ್ಳಗಾದವ್ರು ಮಾಡೋದು,” ಎಂದ ಮರಿಬಸಪ್ಪ. “ಈಕಿ ಇನ್ನಾ ಡಿಗ್ರೀನ ಮುಗಿಸಿಲ್ಲ.”

“ಯಣ್ಣಾ, ನೀನು ಬಿತ್ತೋ ಕೂರಿಗಿ ಹಿಡಿಯಾಕ ಕಲ್ತಿದ್ದು ಯಾವಾಗ? ಗಡ್ಡ ಬೆಳ್ಳಗಾದ ಮ್ಯಾಲೇನು?”

“ನಮ್ಮಪ್ಪನ ಜೋಡಿ ಹೋಗಿ ಕಲ್ತೆ.”

“ಇದೂ ಹಂಗ. ಕಲಿಸೋರ ಜೋಡಿ ನಿಂತು ಕಲಿಯೋದು. ಪುಸ್ತಕದಾಗ ಇರೋ ಉತ್ತರ ಬಾಯಿಪಾಠ ಮಾಡೋದು ಒಂದು. ಯಾರಿಗೂ ಗೊತ್ತಿಲ್ಲದ್ದನ್ನ ತಾನ ಹುಡುಕೋದು ಇನ್ನೊಂದು. ಮುಂದ ಎಂ.ಎಸ್ಸಿ.ಗೆ ಹೋದ್ರ ಇದೇ ಕೈ ಹಿಡಿತೈತಿ. ಹಾಸ್ಟೆಲ್ಲಿನಾಗ ಇರ್ತಾಳ, ಊಟದ ಖರ್ಚು ಅವರದ. ನಾನೇ ಮೇಡಮ್ಮಾರನ್ನ ಕಂಡು ಕೇಳೀನಿ.”

ಮರಿಬಸಪ್ಪ ತಲೆ ಕೆರೆದುಕೊಂಡ. “ಆತು. ಮೊದಲು ನಮ್ಮೂರ ಮಣ್ಣು ನೋಡಿ ಏನು ಹೇಳ್ತಾರೋ ಹೇಳ್ಲಿ. ಖರೇ ಅನಿಸಿದ್ರ ಇರ್ಲಿ. ಇಲ್ಲಂದ್ರ ಹಾಸಿಗಿ ಸುತ್ಕೊಂಡು ಮನಿಗೆ ಬರಬೇಕು.”

ಶಿವಲೀಲಾ ಒಪ್ಪಿದಳು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಅವಳು ಮನೆಮನೆಗೂ ಹೋಗಿ, ನಿಮ್ಮ ಹೊಲದ ಮಣ್ಣು ಒಂದಿಷ್ಟು ಬೇಕೆಂದು ಕೇಳಿಬಂದಳು. ಮರುದಿನ ಬೆಳಗಿನ ಜಾವಕ್ಕೇ ಮರಿಬಸಪ್ಪ ಹೊಲಕ್ಕೆ ಹೋದ. ಅವನ ಕಾಲು ತಗ್ಗಿನ ಕಡೆ ತಿರುಗಲಿಲ್ಲ. ಎಳ್ಳಮಾವಾಸ್ಯೆಗೆ ಪೂಜೆ ಮಾಡುವ ಬನ್ನಿ ಗಿಡದ ಮೂಲೆಗೆ ಹೋಗಿ, ಎರಡೂ ಕೈಯಿಂದ ಕರಿ ಮಣ್ಣು ಬಗೆದು, ಹೆಂಟೆ ಆರಿಸಿ ಎಸೆದು, ಮಡಿ ಬಟ್ಟೆಯಲ್ಲಿ ಕಟ್ಟಿದ. ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ. ಕಾಲೇಜಿನ ದೊಡ್ಡವರು ಕೇಳಿದ್ದಾರೆ. ಬಂದ ಅತಿಥಿಗೆ ಹಳಸಿದ್ದನ್ನು ಬಡಿಸುವುದುಂಟೆ? ಊರಿನ ಉಳಿದವರೂ ಹಾಗೆಯೇ ತಮ್ಮ ತಮ್ಮ ಒಳ್ಳೆಯ ಮೂಲೆಯ ಮಣ್ಣನ್ನು ಉಡಿ ತುಂಬಿದ ಹಾಗೆ ತಂದುಕೊಟ್ಟರು.

ಅದನ್ನೆಲ್ಲ ಬಳ್ಳಾರಿಗೆ ಒಯ್ದ ಶಿವಲೀಲಾ ಹದಿನೈದು ದಿನ ಬಿಟ್ಟು ಮರಳಿದಳು. ಮುಖ ಬಾಡಿತ್ತು. ಮಾಸ್ತರೂ ಕಟ್ಟೆಯ ಮೇಲೆ ಕೂತಿದ್ದರು.

“ಯಪ್ಪಾ, ನಮ್ಮೂರ ಮಣ್ಣಾಗ ಏನೂ ದೋಷ ಇಲ್ಲ ಅಂತ ಬಂದೈತಿ. ಎಲ್ಲಾ ಚಲೋ ಐತಂತ.”

ಮರಿಬಸಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಚಲೋ ಐತಾ? ಹಂಗಾದ್ರ ನನ್ನ ಸಸಿ ಸುಮ್ಸುಮ್ನ ಸತ್ವಾ? ನೋಡ್ರಿ ಮಾಸ್ತರ್ರ, ಇದು ನಿಮ್ಮ ಸಂಶೋಧನಿ! ಸಾಕವ್ವ, ನಾಳಿ ಹೋಗಿ ಹಾಸಿಗಿ ತಗೊಂಡು ಬಾ.”

ಹುಡುಗಿಯ ಕಣ್ಣು ತುಂಬಿತು. ಆದರೂ ಕೇಳಿದಳು: “ಸಸಿ ಸತ್ತದ್ದು ಎಲ್ಲಿ ಯಪ್ಪಾ? ನೀ ಮಣ್ಣು ತಗದದ್ದು ಎಲ್ಲಿ?”

ಎರ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಬನ್ನಿ ಗಿಡದ ಬುಡದಾಗಿನ ಮಣ್ಣವ್ವ ಅದು. ಅಲ್ಲಿ ಕಲ್ಲು ಹಾಕಿದ್ರೂ ಬೆಳಿತೈತಿ.”

“ನಗಬ್ಯಾಡ ಎರ್ರಮ್ಮ,” ಎಂದರು ಮಾಸ್ತರು, ನೆಲ ನೋಡುತ್ತ. “ನಮ್ಮ ಮನಿಯಿಂದ ಕೊಟ್ಟದ್ದೂ ಬಾವಿ ಪಕ್ಕದ ಮಣ್ಣ. ಕಟ್ಟಿಕೊಟ್ಟವ ನಾನ. ಡಾಕ್ಟರ್ ಮುಂದ ಕೂತು ಜ್ವರಾನ ಬಂದಿಲ್ಲ ಅಂದಂಗಾತು.”

“ತಪ್ಪು ನಂದೂ ಐತಿ,” ಎಂದಳು ಶಿವಲೀಲಾ. “ಎಲ್ಲಿದು ಅಂತ ಕೇಳದ ತಗೊಂಡೆ. ಮೇಡಮ್ಮಾರ ಮುಂದ ಹೋಗಿ ಹೇಳ್ತೀನಿ.”

“ತಪ್ಪಾತು ಅಂದ್ರ ಓಡಸಂಗಿಲ್ಲೇನು?”

“ತಪ್ಪಾದ್ರ ಓಡಸಂಗಿಲ್ಲ ಯಪ್ಪಾ. ಮುಚ್ಚಿಟ್ರ ಓಡಸ್ತಾರ.”

ಆ ಮಾತು ಮರಿಬಸಪ್ಪನ ಎದೆಯಲ್ಲಿ ಕೂತಿತು. ತಗ್ಗಿನ ಹೊಲವನ್ನು ಮಗಳು ಅಗೆದರೆ ಊರೆಲ್ಲ ನೋಡುತ್ತದೆ. ಅಗೆಯದಿದ್ದರೆ ಅವಳು ಮನೆಗೆ ಬಂದು ಕೂರಬೇಕು. ಸಂಜೆ ಕೈಯಲ್ಲಿ ಲಿಂಗ ಹಿಡಿದು ಕೂತವನು ಎಂದಿಗಿಂತ ಹೆಚ್ಚು ಹೊತ್ತು ಏಳಲಿಲ್ಲ. ನಿನ್ನ ಮುಂದೆ ಮುಚ್ಚಿಡುವುದು ಏನೂ ಇಲ್ಲ ತಂದೆ ಎಂದು ದಿನವೂ ಹೇಳುವವನು ತಾನೇ ಅಲ್ಲವೆ?

ಬೆಳಿಗ್ಗೆ ಗುದ್ದಲಿ ಹೆಗಲಿಗೇರಿಸಿ ಬೀದಿಗೆಲ್ಲ ಕೇಳುವಂತೆ ಕರೆದ: “ಬಾರವ್ವ, ತಗ್ಗಿನ ಹೊಲಕ್ಕ ಹೋಗೂಣು!”

ಎದುರು ಮನೆಯ ಜಂಬಣ್ಣ ಬೇವಿನ ಕಡ್ಡಿ ಅಗಿಯುತ್ತ ಅಣಕಿಸಿದ: “ಏನಲೇ ಮರಿಬಸ, ಚೌಳಿನ ಮೆರವಣಿಗಿ ಹೊಂಟೈತೇನು?”

“ಹೌದಲೇ. ನಿಂದೂ ಹೊರಗ ಹಾಕು. ನಂದಕ್ಕಿಂತ ಬೆಳ್ಳಗೈತಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸ್ವಲ್ಪ ಹೊತ್ತಿಗೆ ಜಂಬಣ್ಣನೂ ಹಿಂದೆ ಬಂದ.

ಶಿವಲೀಲಾ ಮೇಲಿನ ಪದರ ಕೆರೆದು ಒಂದು ಚೀಲಕ್ಕೆ ಹಾಕಿದಳು. ಗೇಣು ಆಳದ್ದನ್ನು ಇನ್ನೊಂದಕ್ಕೆ. ಅಪ್ಪ ಅಗೆಯುತ್ತ ಹೋದ. ಸೊಂಟದಾಳಕ್ಕೆ ಬಂದಾಗ ಗುದ್ದಲಿ ಪಚಕ್ಕೆಂದಿತು. ಗುಂಡಿಯಲ್ಲಿ ನೀರು ಜಿನುಗಿತು.

“ಇಂಥಾ ಬಿಸಿಲಾಗ ಇಷ್ಟು ಮ್ಯಾಲೆ ನೀರು?” ಎಂದ ಜಂಬಣ್ಣ.

“ಕಾಲುವಿ ನೀರು ಬರಾಕ ದಾರಿ ಐತಿ, ಹೋಗಾಕ ಇಲ್ಲ,” ಎಂದಳು ಶಿವಲೀಲಾ. “ನಿಂತ ನೀರು ಮ್ಯಾಲೇರಿ, ಬಿಸಿಲಿಗೆ ಆರಿ, ಉಪ್ಪು ಮ್ಯಾಲ ಕೂಡ್ತೈತಿ ಅಂತ ಮೇಡಮ್ಮಾರ ಅನುಮಾನ. ಖರೇನೋ ಸುಳ್ಳೋ ಪರೀಕ್ಷಾ ಮಾಡಿ ನೋಡ್ಬೇಕು.”

ಮರಿಬಸಪ್ಪ ಗುಂಡಿಯೊಳಗೇ ನಿಂತು ಮೆಲ್ಲಗೆ ಕೇಳಿದ: “ಹಂಗಾದ್ರ ತಾಯಿ ನಮ್ಮ ಮ್ಯಾಲೆ ಮುನಿದಿಲ್ಲೇನು?”

“ಇಲ್ಲ ಯಪ್ಪಾ. ಆಕಿಗೆ ಉಸಿರು ಕಟ್ಟೈತಿ.”

ಈ ಸಲದ ಮಣ್ಣಿನಲ್ಲಿ ಉಪ್ಪು ಕಂಡಿತು. ಹೊಲದಿಂದ ನೀರು ಬಸಿದುಹೋಗಲು ಬಸಿಗಾಲುವೆ ತೋಡಬೇಕೆಂದು ಮೇಡಮ್ಮಾರೇ ಶಿವಲೀಲಾಳ ಜೊತೆ ಊರಿಗೆ ಬಂದು ಹೇಳಿದರು. ಚೌಳು ಒಂದೇ ವರ್ಷದಲ್ಲಿ ಹೋಗುವಂಥದ್ದಲ್ಲ ಎಂದೂ ಹೇಳಿದರು. ಮರಿಬಸಪ್ಪ, ಜಂಬಣ್ಣ ಒಟ್ಟಿಗೇ ಗುದ್ದಲಿ ಹಿಡಿದರು.

ಶಿವಲೀಲಾ ಮತ್ತೆ ಬಳ್ಳಾರಿಯ ಬಸ್ಸು ಹತ್ತುವಾಗ ಅಪ್ಪನಿಗೆ ಅಂದಳು: “ಮಳಿ ಬಿದ್ದ ಮ್ಯಾಲೆ ಇನ್ನೊಂದು ಸಲ ಉಪ್ಪು ಅಳೀಬೇಕಂತ. ತಡ ಆಗ್ಬೌದು. ಸಿಟ್ಟಾಗ್ತೀಯೇನು?”

“ಅರ್ಧಕ್ಕ ಬಂದ್ರ ಸಿಟ್ಟಾಗ್ತೀನಿ. ಮುಗಿಸೇ ಬಾ.”

ತಾಯಂದಿರೆ, ತಂದೆಯರೆ, ನಿಮ್ಮ ಮನೆಯ ಮಕ್ಕಳೂ ಕಾಲೇಜಿಗೆ ಹೋಗುತ್ತಿರಬಹುದು. ಸಂಶೋಧನೆಗೆ ದೊಡ್ಡ ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ತಮ್ಮ ಕಾಲೇಜಿನಲ್ಲಿ ಅಂಥ ಅವಕಾಶವಿದೆಯೇ ಎಂದು ಪಾಠ ಹೇಳುವವರನ್ನು ಮಕ್ಕಳು ತಾವಾಗಿಯೇ ಹೋಗಿ ಕೇಳಲಿ. ಯಾರ ಕೈಕೆಳಗೆ ಕೆಲಸ, ಎಲ್ಲಿ ವಾಸ, ಖರ್ಚು ಯಾರದು ಎಂಬುದನ್ನು ನೀವು ವಿಚಾರಿಸಿಕೊಳ್ಳಿರಿ. ಅದು ನಿಮ್ಮ ಹಕ್ಕು. ಆಮೇಲೆ ಹರಸಿ ಕಳಿಸಿರಿ, ಹೆಣ್ಣುಮಕ್ಕಳನ್ನೂ ಕಳಿಸಿರಿ. ಅವರು ನಿಮ್ಮ ಬಾಗಿಲಿಗೆ ಬಂದು ಏನಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆಯೇ ತೋರಿಸಿರಿ.