ತಿಮ್ಮರಾಯಪ್ಪನ ಹೆಬ್ಬೆಟ್ಟಿನ ಗಾಯ

ಇದು ಹೋದ ಚುನಾವಣೆ ನಡೆದ ವರ್ಷದ ಮಾತು. ಜಯನಗರದ ಕಡೆಯ ಹೊಸ ಬಡಾವಣೆ ಬೆಳೆಯುತ್ತ ಬೆಳೆಯುತ್ತ ಹೊನ್ನಮ್ಮನಪಾಳ್ಯದ ಹಿತ್ತಿಲವರೆಗೆ ಬಂದು ನಿಂತಿತ್ತು. ಪಾಳ್ಯದ ದನಗಳು ಕೆರೆಗೆ ಹೋಗುತ್ತಿದ್ದ ಗಾಡಿದಾರಿಗೆ ಅಡ್ಡಲಾಗಿ ಒಂದು ದಿನ ಕಲ್ಲುಕಂಬ ನೆಟ್ಟರು, ಮುಳ್ಳುತಂತಿ ಎಳೆದರು. ಅಂದಿನಿಂದ ದನಗಳಿಗೆ ನೀರು ಕುಡಿಸಬೇಕಾದರೆ ಬನಶಂಕರಿ ಗುಡಿಯ ಕಡೆಯಿಂದ ಸುತ್ತಿಕೊಂಡು ಬರಬೇಕು. ತಿಮ್ಮರಾಯಪ್ಪನ ಕೆಂದ ಹಸು ತಂತಿಯ ಮುಂದೆ ನಿಂತು, ಆಚೆ ಹೊಳೆಯುವ ನೀರನ್ನು ನೋಡಿ ಅಂಬಾ ಎನ್ನುತ್ತಿತ್ತು. ಅದನ್ನು ಎಳೆದುಕೊಂಡು ಸುತ್ತು ಹಾಕುವಾಗ ತಿಮ್ಮರಾಯಪ್ಪನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬಿಸಿಲಲ್ಲಿ ನಡೆದು ನಡೆದು ಹಸುವಿನ ಹಾಲೂ ಇಳಿಯಿತು.

ತಿಮ್ಮರಾಯಪ್ಪ ಪಾಳ್ಯದ ಹಿರಿಯ. ಅವನ ಬೀದಿಯಲ್ಲಿದ್ದವರೆಲ್ಲ ಅಣ್ಣತಮ್ಮಂದಿರು, ಇಲ್ಲವೇ ಬೀಗರು. ಅವನು ಜಗಲಿಯಿಂದ ಎದ್ದರೆ ಅವರೂ ಏಳುವರು, ಅವನು ಕೂತರೆ ಅವರೂ ಕೂರುವರು. ಇಂಥ ಮನುಷ್ಯನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕಾಗದ ಹಿಡಿದುಕೊಂಡು ಯಾರಾದರೂ ಬರುತ್ತಿದ್ದುದು ಕಂಡರೆ ಸಾಕು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಚೂರು ತೆಗೆದು ಎಡಗೈ ಹೆಬ್ಬೆಟ್ಟಿಗೆ ಸುತ್ತಿಕೊಳ್ಳುತ್ತಿದ್ದ. “ಗಾಯ ಆಗೈತೆ ಸ್ವಾಮಿ, ಒತ್ತಾಕಾಗಲ್ಲ” ಎನ್ನುತ್ತಿದ್ದ.

ಗಾಯವೇನೂ ಇರಲಿಲ್ಲ. ಬಡಾವಣೆಗೆಂದು ಜಮೀನು ತೆಗೆದುಕೊಂಡ ಕಾಲದಲ್ಲಿ, ಏನು ಬರೆದಿದೆ ಎಂದು ಕೇಳದೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ತಂದೆ ಉಳುತ್ತಿದ್ದ ರಾಗಿ ಹೊಲ ಹೋಯಿತು. ತಕರಾರು ಹೇಳಿಕೊಳ್ಳಲು ಅವಕಾಶವಿತ್ತು ಎಂಬುದು ಆಮೇಲೆ ತಿಳಿಯಿತು. ಆವತ್ತಿನಿಂದ ಅವನಿಗೆ ಕಾಗದದ ಮೇಲಿನ ಸಿಟ್ಟಿಗಿಂತ ತನ್ನ ಹೆಬ್ಬೆಟ್ಟಿನ ಮೇಲಿನ ಸಿಟ್ಟೇ ದೊಡ್ಡದು.

ಚುನಾವಣೆ ಹತ್ತಿರ ಬಂದಾಗ ಪಕ್ಕದ ಮನೆಯ ಚಿಕ್ಕಬೈರಪ್ಪ ಜಗಲಿಗೆ ಸುದ್ದಿ ತಂದ.

“ಭಾವ, ಈ ಸಲ ಓಟಿನ ರೀತಿಯೇ ಬೇರೆ ಅಂತೆ. ಆಗ ಒಬ್ಬೊಬ್ರಿಗೂ ಒಂದೊಂದು ಡಬ್ಬ ಇತ್ತು. ಚೀಟಿ ತಗೊಂಡು ಯಾರ ಡಬ್ಬ ಬೇಕೋ ಅದ್ರೊಳಕ್ಕೆ ಹಾಕಿ ಬರ್ತಿದ್ವಿ. ಈಗ ಎಲ್ಲಾರ ಗುರುತೂ ಒಂದೇ ಕಾಗದದಾಗೆ ಇರ್ತದಂತೆ. ನಮಗೆ ಬೇಕಾದೋರ ಗುರುತಿನ ಮೇಲೆ ಒತ್ತಬೇಕಂತೆ.”

‘ಒತ್ತಬೇಕು’ ಎಂದು ಕೇಳಿದ್ದೇ ತಡ, ತಿಮ್ಮರಾಯಪ್ಪನ ಕೈ ಸೊಂಟಕ್ಕೆ ಹೋಯಿತು.

“ಒತ್ತೋದಾ? ನಾನು ಒತ್ತಿದ್ದು ಸಾಕು. ಉಳಿದಿರೋದು ಈ ಮನೆ, ಒಂದು ಹಿತ್ತಿಲು. ಅದನ್ನೂ ಬರ್ಕೊಡ್ಲಾ? ನಾನು ಹೋಗಲ್ಲ. ಈ ಬೀದೀಲಿ ಯಾರೂ ಹೋಗೋದ್ ಬ್ಯಾಡ.”

ಒಳಗಿಂದ ಅವನ ಹೆಂಡತಿ ಬೈರಮ್ಮ ಹೊರಗೆ ಬಂದಳು. “ಇಕಾ, ನೀನು ಹೋಗಲ್ಲ ಅಂದ್ರೆ ಕೆರೆ ದಾರಿ ಕೇಳೋರು ಯಾರು? ಮೊನ್ನೆ ಓಟು ಕೇಳಾಕೆ ಬಂದಿದ್ದೋನು ಏನಂದ? ‘ನಿಮ್ಮ ಪಾಳ್ಯದಿಂದ ಹೋದ ಸಲ ಬಂದೋರೇ ನಾಲ್ಕು ಜನ’ ಅಂದು ಕಾಫೀನೂ ಕುಡೀದೆ ಹೋದ. ನಾಲ್ಕು ಜನರ ಪಾಳ್ಯಕ್ಕೆ ಯಾರು ಬರ್ತಾರೆ?”

“ರಾಗಿ ಬಡಿಯೋ ಕಾಲ. ಕಣ ಬಿಟ್ಟು ಹೋಗಾಕಾಗ್ತಿತ್ತಾ?”

“ಈಗ ರಾಗೀನೂ ಇಲ್ಲ, ಕಣಾನೂ ಇಲ್ಲವಲ್ಲ!” ಎಂದಳು ಬೈರಮ್ಮ. ತಿಮ್ಮರಾಯಪ್ಪ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂತ.

ಅವರ ಮನೆಯ ಮುಂದಿನ ಕೋಣೆಯಲ್ಲಿ ವಾರಿಜಾ ಬಾಡಿಗೆಗೆ ಇದ್ದಳು. ಜಯನಗರದ ಶಾಲೆಯಲ್ಲಿ ಟೀಚರು. ಈ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಬಂದು ಬೈರಮ್ಮನ ಹತ್ತಿರ ಏನೋ ಪಿಸುಗುಟ್ಟಿದಳು. ಬೈರಮ್ಮ ನಕ್ಕು ಅಡುಗೆಮನೆಗೆ ಹೋಗಿ ಒಂದು ಬೆಂಡೆಕಾಯಿ, ಬಟ್ಟೆಗೆ ಹಾಕುವ ನೀಲಿ, ಒಂದು ಖಾಲಿ ಬಿಂದಿಗೆ ತಂದಳು.

“ಇವತ್ತು ನಮ್ಮ ಮನೇಲೇ ಚುನಾವಣೆ,” ಎಂದಳು ವಾರಿಜಾ. “ಸಾಯಂಕಾಲ ಎರಡು ಮನೆಯವರಿಗೂ ಸಾರು ಇಲ್ಲೇ. ಬದನೆಕಾಯೋ ಮೂಲಂಗಿಯೋ ನೀವೇ ಆರಿಸಿ.”

ಚೀಟಿಗಳ ಮೇಲೆ ಅವಳು ಒಂದು ಬದನೆಕಾಯಿ, ಒಂದು ಮೂಲಂಗಿಯ ಚಿತ್ರ ಬರೆದಳು. ಬೆಂಡೆಕಾಯಿಯ ತೊಟ್ಟು ಕೊಯ್ದು ನೀಲಿಯಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂವಿನಂಥ ಗುರುತು ಮೂಡುತ್ತಿತ್ತು. ಒಬ್ಬೊಬ್ಬರೇ ರಾಗಿ ತುಂಬಿಡುವ ದೊಡ್ಡ ವಾಡೆಯ ಮರೆಗೆ ಹೋಗಬೇಕು, ಒತ್ತಬೇಕು, ಮಡಚಿ ಬಿಂದಿಗೆಯೊಳಗೆ ಹಾಕಬೇಕು. ಬೈರಮ್ಮ ಹೋದಳು. ವಾರಿಜಾ ಹೋದಳು. ಚಿಕ್ಕಬೈರಪ್ಪ ಹೋದ. ಅವನ ಹೆಂಡತಿ ಸೊಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಹೋದಳು.

“ಯಜಮಾನ್ರೇ, ನೀವು?” ವಾರಿಜಾ ಚೀಟಿ ನೀಡಿದಳು.

ತಿಮ್ಮರಾಯಪ್ಪ ಹೆಬ್ಬೆಟ್ಟು ತೋರಿಸಿದ. ಆಗಲೇ ಬಟ್ಟೆ ಸುತ್ತಿಯಾಗಿತ್ತು. “ನಂಗೆ ಗಾಯ. ಏನಿದ್ರೂ ಈ ಮನೇಲಿ ಬದನೆಕಾಯೇ. ಮೂಲಂಗಿ ವಾಸನೆ ನಂಗಾಗಲ್ಲ ಅಂತ ಎಲ್ಲಾರ್ಗೂ ಗೊತ್ತು.”

ಬಿಂದಿಗೆಯನ್ನು ಬೋರಲು ಹಾಕಿ ಎಣಿಸಿದರು. ಮೂಲಂಗಿಗೆ ಎರಡು, ಬದನೆಕಾಯಿಗೆ ಒಂದು. ಉಳಿದೊಂದು ಚೀಟಿಯಲ್ಲಿ ಎರಡರ ಮೇಲೂ ಚೆಂದವಾದ ಹೂವು ಮೂಡಿತ್ತು.

“ಇದು ಕೆಟ್ಟ ಓಟು. ಲೆಕ್ಕಕ್ಕಿಲ್ಲ,” ಎಂದಳು ವಾರಿಜಾ.

“ಅಯ್ಯೋ, ಅದು ನಂದು,” ಎಂದ ಚಿಕ್ಕಬೈರಪ್ಪ. “ಎರಡೂ ತಿಂತೀನಿ. ಒಂದಕ್ಕೆ ಒತ್ತಿ ಇನ್ನೊಂದರ ಮನಸ್ಸು ನೋಯಿಸೋದ್ಯಾಕೆ ಅಂತ...”

“ಮೂಲಂಗಿಗೆ ಮನಸ್ಸು ಬೇರೆ!” ಎಂದು ಸೊಣ್ಣಮ್ಮ ಗಂಡನ ತಲೆಗೆ ಮೊಟಕುವಂತೆ ಕೈಯೆತ್ತಿದಳು. ಬದನೆಕಾಯಿಯ ಚೀಟಿಯನ್ನು ಹಸಿಯಾಗಿದ್ದಾಗಲೇ ಅಡ್ಡಾದಿಡ್ಡಿ ಮಡಚಿದ್ದರಿಂದ ನೀಲಿ ಮೂಲಂಗಿಯ ಕಡೆಗೂ ಸ್ವಲ್ಪ ಹತ್ತಿತ್ತು. ಒಂದು ಗುರುತಿನ ಬಣ್ಣ ಇನ್ನೊಂದಕ್ಕೆ ತಾಗದ ಹಾಗೆ ಮಡಚುವುದನ್ನು ವಾರಿಜಾ ತೋರಿಸಿಕೊಟ್ಟಳು.

ಬೈರಮ್ಮ ಮೂಲಂಗಿ ಸಾರು ಮಾಡಿದಳು. ಬಿಸಿ ಮುದ್ದೆಯ ಪಕ್ಕಕ್ಕೆ ಸಾರು ಬಿದ್ದಾಗ ತಿಮ್ಮರಾಯಪ್ಪ ಮೂಗು ಮುಚ್ಚಿಕೊಂಡ.

“ಲೇ, ನಾನು ಒತ್ತೇ ಇಲ್ಲವಲ್ಲ. ನಂಗ್ಯಾಕೆ ಮೂಲಂಗಿ?”

“ಒತ್ತದೋರಿಗೂ ಅದೇ ಸಾರು,” ಎಂದಳು ಬೈರಮ್ಮ, ಇನ್ನೊಂದು ಸೌಟು ಹಾಕುತ್ತ.

ಎಲ್ಲರೂ ನಕ್ಕರು. ತಿಮ್ಮರಾಯಪ್ಪ ಮುದ್ದೆಯನ್ನು ಸಾರಿಗೆ ಮುಟ್ಟಿಸಿಯೂ ಮುಟ್ಟಿಸದ ಹಾಗೆ ನುಂಗಿ ಎದ್ದ. ಕೈ ತೊಳೆದವನು ನೇರವಾಗಿ ಹೋಗಿ ಚೀಟಿಗಳನ್ನು ಎತ್ತಿಕೊಂಡ. ಮೂಲಂಗಿಗೆ ಒತ್ತಿದ ಇಬ್ಬರು ಯಾರು? ಅದು ಗೊತ್ತಾಗಲೇಬೇಕು. ಬೈರಮ್ಮನ ಮುಖ ನೋಡಿದ. ಅವಳು ಪಾತ್ರೆ ಎತ್ತುತ್ತಿದ್ದಳು. ಸೊಣ್ಣಮ್ಮನನ್ನು ನೋಡಿದ, ಅವಳು ಸೂರು ನೋಡಿದಳು. ಜಗಲಿಯ ಬೆಳಕಿಗೆ ಬಂದು ಚೀಟಿಗಳನ್ನು ಒಂದೊಂದಾಗಿ ಹಿಂದೆ ಮುಂದೆ ತಿರುಗಿಸಿದ. ಎರಡರಲ್ಲೂ ಅದೇ ಬೆಂಡೆಕಾಯಿ ಹೂವು. ಅವಳದೂ ಅಷ್ಟೇ, ಇವಳದೂ ಅಷ್ಟೇ. ಹೆಸರಿಲ್ಲ, ಗೆರೆಯಿಲ್ಲ, ಏನೂ ಇಲ್ಲ.

ಹೊಲದ ಕಾಗದ ಅವನ ಕಣ್ಣ ಮುಂದೆ ಬಂತು. ಅದರಲ್ಲಿ ಅವನ ಹೆಸರಿತ್ತು, ತಂದೆಯ ಹೆಸರಿತ್ತು, ಸರ್ವೆ ನಂಬರಿತ್ತು. ಎಲ್ಲಕ್ಕೂ ಕೆಳಗೆ ಅವನ ಹೆಬ್ಬೆಟ್ಟಿತ್ತು. ಚೀಟಿ ಕೈಯಲ್ಲಿ ಹಿಡಿದು ಅವನು ಒಳಕ್ಕೆ ತಿರುಗಿದ. ವಾರಿಜಾಳನ್ನು ಕರೆದ.

“ಟೀಚರಮ್ಮ, ಓಟಿನ ಕಾಗದದಾಗೂ ಹಿಂಗೇನಾ? ಒತ್ತಿದೋರ ಹೆಸ್ರು ಇರಾಕಿಲ್ವಾ?”

“ಇರಲ್ಲ ಯಜಮಾನ್ರೇ. ಅಲ್ಲಿ ಮುದ್ರೆ ಅವರೇ ಇಟ್ಟಿರ್ತಾರೆ, ಎಲ್ಲಾರ್ಗೂ ಒಂದೇ ಮುದ್ರೆ. ನೀವು ಹೆಸರು ಬರೆದ್ರೆ ಓಟು ಕೆಡುತ್ತೆ. ಹೆಬ್ಬೆಟ್ಟು ಒತ್ತಿದ್ರೂ ಕೆಡುತ್ತೆ.”

“ನನ್ನ ಹೆಬ್ಬೆಟ್ಟು ಬಿದ್ರೆ ಆ ಕಾಗದ ಕೆಡ್ತದಾ?” ತಿಮ್ಮರಾಯಪ್ಪನ ಮುಖ ಅಗಲವಾಯಿತು. ಹೊಲ ಹೋದ ಮೇಲೆ ಕಾಗದದ ವಿಷಯಕ್ಕೆ ಅವನು ನಕ್ಕದ್ದು ಅದೇ ಮೊದಲು. “ಹಂಗಿದ್ರೆ ನೋಡಾನ ನಡೀರಿ.”

ಓಟಿನ ದಿನ ಬೆಳಗ್ಗೆ ಹಸುವಿಗೆ ಹುಲ್ಲು ಹಾಕಿ ತಿಮ್ಮರಾಯಪ್ಪ ಜಗಲಿಯಿಂದೆದ್ದ. ಬೀದಿಯೇ ಎದ್ದಿತು. ಗಂಡಸರು ಮುಂದೆ, ಹೆಂಗಸರು ಹಿಂದೆ ಹೊರಟವರು ಓಟು ನಡೆಯುವ ಶಾಲೆ ತಲುಪುವ ಹೊತ್ತಿಗೆ ಹೆಂಗಸರೇ ಮುಂದಾಗಿದ್ದರು. ಆದರೂ ಹಳೆಯ ಭಯ ಒಂದೇ ಸಾರಿಗೆ ಹೋಗುವುದುಂಟೇ? ಬಾಗಿಲು ದಾಟುವಾಗ ತಿಮ್ಮರಾಯಪ್ಪ ಮೆಲ್ಲಗೆ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡ.

ಪಟ್ಟಿಯಲ್ಲಿ ಹೆಸರು ನೋಡಿದ ಮೇಲೆ ಅಧಿಕಾರಿ ಹೇಳಿದರು, “ಎಡಗೈ ಕೊಡಿ ಯಜಮಾನ್ರೇ.”

ತಿಮ್ಮರಾಯಪ್ಪ ಬಟ್ಟೆ ಸುತ್ತಿದ ಹೆಬ್ಬೆಟ್ಟು ಎತ್ತಿ ತೋರಿಸಿದ. “ಗಾಯ ಆಗೈತೆ ಸ್ವಾಮಿ, ಒತ್ತಾಕಾಗಲ್ಲ.”

“ಹೆಬ್ಬೆಟ್ಟು ಯಾರಿಗೆ ಬೇಕು? ತೋರುಬೆರಳು ಕೊಡಿ.”

ಬೆರಳಿಗೆ ಒಂದು ಮಸಿಯ ಗುರುತು ಹಾಕಿ, ಕಾಗದ ಕೊಟ್ಟರು. ದಿಲ್ಲಿಯ ಸಭೆಗೊಂದು, ನಮ್ಮ ವಿಧಾನಸಭೆಗೊಂದು. ತಿಮ್ಮರಾಯಪ್ಪ ಮರೆಗೆ ಹೋದ. ಹೋದವನು ಬರಲೇ ಇಲ್ಲ. ಹೊರಗೆ ಬೈರಮ್ಮನಿಗೆ ಕಾಲು ನಿಲ್ಲದು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕೊನೆಗೆ ಅವನು ಬಂದು ಡಬ್ಬಕ್ಕೆ ಹಾಕಿ ಹೊರಗೆ ಕಾಲಿಟ್ಟ.

“ಯಾಕಿಷ್ಟು ಹೊತ್ತು?”

“ಮಸಿ ಆ ಕಡೆಗೆ ಹತ್ತಬಾರದು ಅಂತ ಊದ್ತಾ ಇದ್ದೆ.”

“ಯಾರಿಗೆ ಒತ್ತಿದೆ?”

“ಮೂಲಂಗಿಗೆ ಒತ್ತಿದ್ದು ಯಾರು ಅಂತ ಮೊದ್ಲು ನೀನು ಹೇಳು. ಆಮೇಲೆ ನಾನು ಹೇಳ್ತೀನಿ.”

ಗೆದ್ದವರು ತಿಮ್ಮರಾಯಪ್ಪ ಒತ್ತಿದವರೋ ಬೇರೆಯವರೋ, ಅದು ಅವನಿಗೊಬ್ಬನಿಗೇ ಗೊತ್ತು. ಇಡೀ ಬೀದಿ ಒಟ್ಟಾಗಿ ಹೋಗಿ ಹೊಸ ಶಾಸಕರ ಮುಂದೆ ನಿಂತಾಗ ನೀವು ಯಾರಿಗೆ ಹಾಕಿದಿರಿ ಎಂದು ಅವರು ಕೇಳಲಿಲ್ಲ, ಕೇಳುವ ಹಾಗೂ ಇಲ್ಲ. ಹಾಕಿದವರಿಗೂ ಹಾಕದವರಿಗೂ ಅವರೇ ಶಾಸಕರು. ಆದರೆ ಹೊನ್ನಮ್ಮನಪಾಳ್ಯದವರು ಈ ಸಲ ಸಾಲುಗಟ್ಟಿ ಬಂದಿದ್ದರು ಎಂಬುದು ಅವರಿಗೆ ಗೊತ್ತಿತ್ತು. ಶಾಸಕರು ಪಾಳ್ಯಕ್ಕೆ ಬಂದು ತಂತಿಯ ಮುಂದೆ ನಿಂತು ನೋಡಿದರು. ಆಮೇಲೂ ಎರಡು ಮೂರು ಸಲ ಜನ ಹೋಗಿ ನೆನಪು ಮಾಡಬೇಕಾಯಿತು. ಮಳೆಗಾಲ ಹಿಡಿಯುವ ಮೊದಲು ಕಂಬ ಕಿತ್ತು ಗಾಡಿಯಗಲ ದಾರಿ ಬಿಟ್ಟರು.

ಕೆಂದ ಹಸು ಆ ದಿನ ಯಾರ ಎಳೆತಕ್ಕೂ ಕಾಯದೆ ಕೆರೆಗೆ ಇಳಿಯಿತು. ಹಿಂದೆ ಅದರ ಕರು ಓಡಿತು. ಅಂದು ಸಾಯಂಕಾಲ ಕರುವಿನ ಕೊರಳಿಗೆ ಗಂಟೆ ಕಟ್ಟಲು ದಾರ ಸಾಲದೆ ಬೈರಮ್ಮ ಗಂಡನತ್ತ ಕೈ ನೀಡಿದಳು. ತಿಮ್ಮರಾಯಪ್ಪ ಸೊಂಟದಿಂದ ಆ ಬಟ್ಟೆಯ ಚೂರು ತೆಗೆದು ಕೊಟ್ಟ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಓದಿದ್ದನ್ನು ಕೇಳುತ್ತಿರುವ ಹಿರಿಯರೇ! ಮತ್ತೆ ಓಟಿನ ದಿನ ಬರುತ್ತಿದೆ. ಏನು ಬರೆದಿದೆ ಎಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಮೊದಲು ಓದಿಸಿ ಕೇಳಿ. ಓಟಿನ ಕಾಗದಕ್ಕೆ ಮಾತ್ರ ಹೆದರಬೇಡಿ. ಅದರಲ್ಲಿ ನಿಮ್ಮ ಹೆಸರಿಲ್ಲ, ನಿಮ್ಮ ಮನಸ್ಸಿದೆ. ಅಲ್ಲಿಟ್ಟ ಮುದ್ರೆಯನ್ನು ಒಂದೇ ಗುರುತಿನ ಮೇಲೆ, ಒಂದೇ ಸಲ ಒತ್ತಿ. ಮಸಿ ಆಚೆಗೆ ತಾಗದಂತೆ ಮಡಚಿ ಡಬ್ಬಕ್ಕೆ ಹಾಕಿ. ಯಾರಿಗೆ ಒತ್ತಿದಿರಿ ಎಂದು ಗಂಡನಿಗೂ ಹೇಳಬೇಕಿಲ್ಲ, ಹೆಂಡತಿಗೂ ಹೇಳಬೇಕಿಲ್ಲ. ನೀವು ಮನೆಯಲ್ಲೇ ಕೂತರೂ ಸಾರು ಬೇಯುತ್ತದೆ, ನಿಮ್ಮ ತಟ್ಟೆಗೂ ಬೀಳುತ್ತದೆ. ಏನು ಬೇಯಬೇಕು ಎಂದು ಹೇಳುವುದಕ್ಕಾದರೂ ಎದ್ದು ಬನ್ನಿ.