ಹುತ್ತದ ಹೊಟ್ಟೆ

ಬೆಳಗಾವಿಯ ಮಹಾಂತೇಶ ನಗರದಲ್ಲಿ ಹನ್ನೆರಡು ಅಂತಸ್ತಿನ ಹಾಸ್ಟೆಲ್ ಕಟ್ಟಲು ಹೊರಟ ಬಿಲ್ಡರ್ ಗೌರೀಶನಿಗೆ ನಿಸರ್ಗ ಬೇಕಾಗಿತ್ತು. ನಿಸರ್ಗವೆಂದರೆ ಅವನ ಪಾಲಿಗೆ ಬಾಲ್ಕನಿಗೆ ನಾಲ್ಕು ಕುಂಡ, ಗೋಡೆಗೆ ಹಸಿರು ಬಣ್ಣ. ಆರ್ಕಿಟೆಕ್ಟ್ ಸೃಷ್ಟಿ ಅಷ್ಟಕ್ಕೆ ಒಪ್ಪುವ ಹೆಣ್ಣಲ್ಲ. ಅವನನ್ನೂ, ಅವನು ಯಾರ ಮಾತು ಕೇಳದೆ ಒಂದು ಇಟ್ಟಿಗೆಯನ್ನೂ ಇಡನೋ ಆ ತಾಯಿ ಶಿವಬಸವ್ವನನ್ನೂ ಖಾನಾಪುರಕ್ಕೆ, ತನ್ನ ಚಿಗವ್ವನ ಮನೆಗೆ ಕರೆದೊಯ್ದಳು. ಹಿತ್ತಲಲ್ಲಿ ಆಳೆತ್ತರದ ಹುತ್ತವಿತ್ತು.

“ಹೊರಗ ಎಷ್ಟ ಬಿಸಲಿದ್ರೂ ಒಳಗ ತಂಪ ಇರತೈತ್ರಿ. ಬಿಸಿ ಗಾಳಿ ನಡುವಿನ ಪೊಳ್ಳಿನಿಂದ ಮ್ಯಾಲ ಹೋಗತೈತಿ. ನಮ್ಮ ಕಟ್ಟಡಕ್ಕೂ ಇಂಥಾದೊಂದು ಹೊಟ್ಟಿ ಬಿಡೂಣು. ಎಲ್ಲಾ ಖೋಲಿಗೂ ಗಾಳಿ ಸಿಗತೈತಿ,” ಎಂದಳು ಸೃಷ್ಟಿ.

ಚಿಮಣಿ ಎಂದಿದ್ದರೆ ಸಾಕಿತ್ತು. ಮುದುಕಿಯ ಮನಸ್ಸು ಗೆಲ್ಲುವ ಹಟದಲ್ಲಿ ಹುತ್ತ ಹುತ್ತ ಎಂದೇ ಜಪಿಸಿದಳು. ಶಿವಬಸವ್ವ ಸೆರಗು ಹೊದ್ದು ಕೈಮುಗಿದಾಗ ಗೆದ್ದೆ ಎಂದುಕೊಂಡಳು. ಆ ಹುರುಪಿನಲ್ಲೇ ಚಿಗವ್ವನಿಗೂ ಮಾತು ಕೊಟ್ಟಳು. ಚಿಗವ್ವನ ಮಗಳು ನಿಖಿತಾಗೆ ಉಬ್ಬಸ. ಸೆಕೆಯಲ್ಲಿ ಕೂತರೆ ಎದೆ ಕಟ್ಟುತ್ತದೆ. “ಬೆಳಗಾವಿ ಕಾಲೇಜಿಗೆ ಬಂದ್ರ ನನ್ನ ಹಾಸ್ಟೆಲಿಗೇ ಕಳಸ್ರಿ. ಉಸಿರಿನ ಚಿಂತಿ ನನಗ ಬಿಡ್ರಿ.”

ಕಟ್ಟಡ ಅರ್ಧ ಎದ್ದ ಮೇಲೆ ಶಿವಬಸವ್ವ ನೋಡಲು ಬಂದಳು. ನಡುವಿನ ಪೊಳ್ಳಿನಲ್ಲಿ ನಿಂತು ಮೇಲೆ ನೋಡಿದವಳೇ ಬೆವರಿದಳು.

“ಮನಿಯಾಗ ಹುತ್ತ ಎದ್ರ ಮಂದಿ ಮನೀನ ಬಿಟ್ಟ ಹೋಗತಾರ. ನೀವು ಹುತ್ತಾನ ಕಟ್ಟಿ ಒಳಗ ಮಕ್ಕಳನ್ನ ಇಡತೀರೇನವ್ವಾ? ಅದು ನಾಗಪ್ಪನ ಜಾಗಾ.”

“ಬರೇ ಗಾಳಿ ದಾರಿ ರೀ ಅದು,” ಎಂದಳು ಸೃಷ್ಟಿ.

“ಹುತ್ತ ಅಂದಾಕಿ ನೀನ ಅಲ್ಲೇನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿಯ ಹೆದರಿಕೆ ಖರೇ ಇತ್ತು, ಅವಳನ್ನು ದೂರುವಂತಿಲ್ಲ. ಗೌರೀಶನಿಗೆ ಯಾವ ಹೆದರಿಕೆಯೂ ಇರಲಿಲ್ಲ. “ಅವ್ವನ ಮಾತು ಮೀರಾಕ ಆಗಂಗಿಲ್ರಿ ಮ್ಯಾಡಮ್,” ಎಂದು ಕೈಮುಗಿದ. ಆ ಪೊಳ್ಳಿಗೆ ಅಂತಸ್ತಿಗೊಂದರಂತೆ ಸ್ಲ್ಯಾಬ್ ಹಾಕಿಸಿ ಖೋಲಿ ಮಾಡಿಸಿದ. ಸೃಷ್ಟಿ ಜಗಳಾಡಿದಳು, ಬದಲಾದ ನಕ್ಷೆಗೆ ಸಹಿ ಹಾಕುವುದಿಲ್ಲ ಎಂದಳು. ಸಹಿ ಹಾಕುವ ಇನ್ನೊಬ್ಬ ಅಂದೇ ಸಂಜೆ ಸಿಕ್ಕ. ಚಿಗವ್ವನಿಗೆ ಹೇಳಬೇಕು, ಹೇಳಬೇಕು ಎನ್ನುತ್ತಲೇ ನಾಚಿಕೆಯಿಂದ ದಿನ ತಳ್ಳಿದಳು.

ಹಾಸ್ಟೆಲ್ ಆರಂಭದ ದಿನ ಗೇಟಿನ ಬಳಿ ಸಿಮೆಂಟಿನದೊಂದು ಹುತ್ತ ನಿಂತಿತ್ತು. ದೋಷ ಕಳೆಯಲೆಂದು ಶಿವಬಸವ್ವ ಅದಕ್ಕೆ ಹಾಲೆರೆದಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುವುದನ್ನು ಸೃಷ್ಟಿ ಕೇಳಿದ್ದಳು, ಈಗ ಕಣ್ಣಾರೆ ಕಂಡಳು. ಅಷ್ಟರಲ್ಲಿ ಖಾನಾಪುರದ ಬಸ್ಸಿಳಿದು ಟ್ರಂಕು ಹಿಡಿದ ನಿಖಿತಾ ಬಂದಳು.

“ನಿಮ್ಮ ತಂಗಿ ಅಂತ ನಡುವಿನ ಖೋಲಿ ಇಟ್ಟೀನ್ರಿ. ಹೊರಗಿನ ಗದ್ದಲಾನ ಇಲ್ಲ,” ಎಂದು ಗೌರೀಶ ತಾನೇ ಬಾಗಿಲು ತೆರೆದುಕೊಟ್ಟು ಹೋದ. ಕಿಟಕಿ ಇರಬೇಕಾದಲ್ಲಿ ಚೌಕಟ್ಟು ಹೊಡೆದು ಕಾಡಿನ ದೊಡ್ಡ ಚಿತ್ರ ಅಂಟಿಸಿದ್ದರು. ಫ್ಯಾನು ಒಳಗಿನ ಸೆಕೆಯನ್ನೇ ತಿರುವುತ್ತಿತ್ತು.

ನಿಖಿತಾ ಸುತ್ತ ನೋಡಿದಳು. “ಅಕ್ಕಾ, ನೀ ಹೇಳತಿದ್ದಿಯಲ್ಲಾ, ಆ ಗಾಳಿ ಬರೂ ಹೊಟ್ಟಿ ಎಲ್ಲೈತಿ?”

“ಅದರಾಗನ ನಿಂತೀವಿ,” ಎಂದಳು ಸೃಷ್ಟಿ.

ನಿಖಿತಾ ಟ್ರಂಕಿನ ಮೇಲೆ ಕುಳಿತು, ಚೀಲದಿಂದ ಇನ್ಹೇಲರ್ ತೆಗೆದು ಬಾಯಿಗಿಟ್ಟುಕೊಂಡಳು.