ಅಮ್ಮನಿಗೆ ಸಿಕ್ಕ ಸೀಟು

ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಿದೆ. ಅದರೊಳಗೆ ಕುಳಿತವರಿಗೆ ಹೆಡ್‌ಫೋನ್ ಹಾಕಿ, ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿಸಿ, ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು ಅವಳ ಕೆಲಸ. ಮಗಳು ಹುಟ್ಟುವ ಮೊದಲು ಸೇರಿದ್ದು. ಮಗಳೂ ಅವಳಂತೆಯೇ ಶ್ರವಣ ವಿಜ್ಞಾನದಲ್ಲಿ ಡಿಗ್ರಿ ಮುಗಿಸಿದರೂ ಅದೇ ಕುರ್ಚಿ, ಅದೇ ಕಿಟಕಿ.

ಅಂದು ಬೆಳಿಗ್ಗೆ ಒಬ್ಬ ಮುದುಕರನ್ನು ಒಳಗೆ ಕೂರಿಸಿ, ಇನ್ನೇನು ಸದ್ದು ಕಳಿಸಬೇಕು ಅನ್ನುವಷ್ಟರಲ್ಲಿ ಮೊಬೈಲ್ ಮಿನುಗಿತು. ವಿಶ್ವವಿದ್ಯಾಲಯದ ಮೇಲ್. ಶ್ರವಣ ವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ತಮ್ಮನ್ನು ಆಯ್ಕೆ ಮಾಡಿದ್ದೇವೆ, ವಾರದೊಳಗೆ ಉತ್ತರಿಸಿ ಎಂದಿತ್ತು. ಮಗಳ ಮೇಲ್ ತಪ್ಪಿ ತನಗೆ ಬಂದಿದೆ ಎಂದುಕೊಂಡು ಮತ್ತೆ ಮೇಲಿನಿಂದ ಓದಿದಳು. ಹೆಸರು ಅವಳದೇ.

ಎಷ್ಟು ಹೊತ್ತು ಹಾಗೇ ನೋಡುತ್ತಿದ್ದಳೋ, ತಲೆಯೆತ್ತಿದರೆ ಮುದುಕರು ಗಾಜಿನಾಚೆ ಶ್ರದ್ಧೆಯಿಂದ ಗುಂಡಿ ಒತ್ತುತ್ತಲೇ ಇದ್ದರು. ಅವಳಿನ್ನೂ ಒಂದು ಸದ್ದನ್ನೂ ಕಳಿಸಿರಲಿಲ್ಲ. ಓಡಿಹೋಗಿ ಬಾಗಿಲು ತೆಗೆದಾಗ ಅವರು, ನೀವು ಕಳಿಸುತ್ತಲೇ ಇದ್ದೀರೇನೋ, ನನಗೇ ಕೇಳಿಸುತ್ತಿಲ್ಲವೇನೋ ಎಂದು ಸಂಕೋಚಕ್ಕೆ ಒತ್ತಿದೆ ಎಂದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಅರ್ಜಿ ಹಾಕಬೇಕಾದವಳು ಮಗಳು. ಅಮ್ಮನ ಕಿವಿ ಕೋಣೆಯ ಬಾಗಿಲಲ್ಲಿ ಆಟವಾಡುತ್ತ ಬೆಳೆದವಳು, ಓದಿದರೆ ಅದನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಅರ್ಜಿ ತುಂಬುವ ದಿನ ಪಕ್ಕದಲ್ಲಿ ಕೂತಿದ್ದ ಅಮ್ಮನನ್ನು ರೇಗಿಸಿ, ನೀನೂ ಹಾಕು, ಒಂದೇ ಬೆಂಚಿನಲ್ಲಿ ಕೂರೋಣ ಎಂದಿದ್ದಳು. ಅವಳೂ ತಮಾಷೆಗೆಂದೇ ತುಂಬಿದ್ದಳು. ಪರೀಕ್ಷೆಯನ್ನೂ ಮಗಳಿಗೆ ಧೈರ್ಯವಾಗಲಿ ಎಂದು ಬರೆದು ಬಂದಿದ್ದಳು. ಸಿಗುತ್ತದೆ ಎಂದು ಕನಸು ಮನಸಿನಲ್ಲೂ ಎಣಿಸಿರಲಿಲ್ಲ.

ತನಗೇ ಬಂದಿದೆಯೆಂದರೆ ಮಗಳಿಗೆ ಬಾರದೆ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ಸಂಜೆ ಮನೆಗೆ ಬಂದಳು. ಮಗಳು ಒಣಗಿದ ಬಟ್ಟೆಯ ರಾಶಿಯ ನಡುವೆ ಕೂತು ಮಡಿಸುತ್ತಿದ್ದಳು. ಯಾರೂ ಹೇಳದೆ ಅವಳು ಮಾಡುವ ಕೆಲಸವಲ್ಲ ಅದು.

“ನನಗೆ ಆಗಲಿಲ್ಲಮ್ಮ,” ಎಂದಳು, ತಲೆಯೆತ್ತದೆ. “ಬೆಳಿಗ್ಗೆನೇ ಗೊತ್ತಾಯ್ತು. ನಿಂಗೆ ಕೆಲಸದ ಹೊತ್ತಲ್ಲಿ ಹೇಳೋದು ಬೇಡ ಅಂತ ಸುಮ್ಮನಿದ್ದೆ.”

ಅವಳು ಮಗಳ ಪಕ್ಕ ಕೂತು ಒಂದು ಟವೆಲ್ ಎತ್ತಿಕೊಂಡಳು, ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಮುಚ್ಚಿಟ್ಟು ಇವತ್ತು ಪಾರಾದರೂ ನಾಳೆ ಯಾವ ಮುಖ ಇಟ್ಟುಕೊಂಡು ಹೇಳುವುದು?

“ನನಗೆ ಬಂದಿದೆ,” ಎಂದಳು.

ಮಗಳ ಕೈ ನಿಂತಿತು. ಮೊದಲು ನಕ್ಕಳು, ಅಮ್ಮ ಏನೋ ಜೋಕು ಹೇಳಿದಳೆಂಬಂತೆ. ಆಮೇಲೆ ಅಮ್ಮನ ಮುಖ ನೋಡಿದಳು. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದಳು. ಬಾಗಿಲನ್ನು ಧಡಾರನೆ ಬಡಿದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

ಗಂಡನದು ಡ್ರೈವಿಂಗ್ ಕಲಿಸುವ ಕೆಲಸ. ಇಡೀ ದಿನ ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರು ಗಾಬರಿಯಾದಾಗ ತನ್ನ ಕಾಲಡಿಯ ಬ್ರೇಕ್ ಒತ್ತುವವನು. ಅವನು ಬರುವ ಹೊತ್ತಿಗೆ ಅವಳು ಉತ್ತರ ಬರೆಯಲು ಕೂತಿದ್ದಳು. ಮೊದಲ ಸಲ ಬರೆದದ್ದು ಬೇಡವೆಂದ ಹಾಗಿತ್ತು. ಅಳಿಸಿ ಬರೆದರೆ ನಾಳೆಯೇ ಪೆಟ್ಟಿಗೆ ಹಿಡಿದು ಬರುತ್ತೇನೆ ಎಂದ ಹಾಗಾಯಿತು. ವಿಶ್ವವಿದ್ಯಾಲಯದವರ ಮನಸ್ಸು ನೋಯಬಾರದು, ತನ್ನ ಕೈಯೂ ಕಟ್ಟಿಹೋಗಬಾರದು, ಅಂಥ ಮಾತೇ ಸಿಗಲೊಲ್ಲದು. ವಿಷಯ ಕೇಳಿ ಗಂಡ ಗರ ಬಡಿದವನಂತೆ ನಿಂತ.

“ಹಾಗಾದ್ರೆ... ನೀನು ಬೇಡ ಅಂದ್ರೆ ಸೀಟು ಅವಳಿಗೇ ಬರುತ್ತಲ್ಲ,” ಎಂದ.

“ಅವಳಿಗೆ ಹೇಗೆ ಬರುತ್ತೆ?”

“ಕಾಯೋರ ಪಟ್ಟಿಲಿ ಅವಳೇ ಮೊದಲನೆಯವಳು. ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳಿದ್ಲು. ಯಾರಾದ್ರೂ ಒಬ್ರು ಬಿಟ್ರೆ ಸಾಕು, ಅಪ್ಪ, ಅಂತ.”

ಆ ಯಾರಾದರೂ ಒಬ್ಬರು ತಾನೇ! ಮಗಳು ಇಷ್ಟನ್ನೂ ನುಂಗಿಕೊಂಡು, ಒಂದು ಮಾತೂ ಆಡದೆ ಎದ್ದು ಹೋದಳಲ್ಲ. ಬರೆದಿದ್ದನ್ನೆಲ್ಲ ಅಳಿಸಿ, ಕೋರ್ಸಿಗೆ ಸೇರಲು ಸಾಧ್ಯವಿಲ್ಲ ಎಂದು ಒಂದೇ ಸಾಲು ಬರೆದಳು. ಕಳಿಸಲು ಬೆರಳು ಮುಂದೆ ಮಾಡಿದಾಗ ಬಾಗಿಲಲ್ಲಿ ಮಗಳು ನಿಂತಿದ್ದಳು. ಕಣ್ಣು ಕೆಂಪಗಿತ್ತು. ಬಂದವಳೇ ಅಮ್ಮನ ಭುಜದ ಮೇಲಿಂದ ಬಗ್ಗಿ ಓದಿದಳು, ಅಪ್ಪನ ಕಡೆ ಒಮ್ಮೆ ದುರುಗುಟ್ಟಿ ನೋಡಿದಳು.

“ಅಳಿಸು.”

“ನಿನಗೆ ಬೇಕಾಗಿದ್ದಲ್ಲವಾ ಅದು?”

“ಬೇಕು. ಸುಳ್ಳು ಯಾಕೆ ಹೇಳಲಿ, ತುಂಬಾ ಬೇಕು. ಆದರೆ ನೀನು ಎದ್ದು ಕೊಟ್ಟ ಸೀಟಲ್ಲಿ ಕೂತು ಎರಡು ವರ್ಷ ನಾನೇನು ಓದಲಿ? ನಿಂಗೆ ಬೇಡ್ವಾ? ಅದನ್ನ ಹೇಳು ಮೊದಲು.”

ಬೇಡ ಎನ್ನಲು ಬಾಯಿ ತೆರೆದಳು. ಬೆಳಗಿನಿಂದ ಆದ ಆಘಾತಗಳಲ್ಲೆಲ್ಲ ದೊಡ್ಡದು ಇದು. ಬೇಡ ಎನ್ನುವುದು ಅವಳಿಗೆ ಆಗಲಿಲ್ಲ.

ಮಗಳು ಕುರ್ಚಿ ಎಳೆದುಕೊಂಡಳು. ಅವಳು ಹೇಳುತ್ತ ಹೋದಳು, ಅಮ್ಮ ಬರೆಯುತ್ತ ಹೋದಳು. ಆಯ್ಕೆ ಮಾಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದ. ಇದು ನನಗೆ ದೊಡ್ಡ ಗೌರವ. ಮನೆಯವರೊಡನೆ ಮಾತಾಡಿ ತೀರ್ಮಾನಕ್ಕೆ ಬರಬೇಕಿರುವುದರಿಂದ ಮುಂದಿನ ತಿಂಗಳ ಮೊದಲ ವಾರದವರೆಗೆ ಕಾಲಾವಕಾಶ ಕೋರುತ್ತೇನೆ. ನಡುನಡುವೆ ಅಮ್ಮ ತನ್ನಷ್ಟಕ್ಕೇ ‘ಕ್ಷಮಿಸಿ’ ಸೇರಿಸುತ್ತಿದ್ದಳು. ಮಗಳು ಒಂದೊಂದಾಗಿ ಅಳಿಸಿದಳು.

“ಏನು ತಪ್ಪು ಮಾಡಿದೀಯ ಅಂತ ಕ್ಷಮೆ ಕೇಳ್ತೀಯ?”

ಮರುದಿನವೇ ವಿಭಾಗದ ಮುಖ್ಯಸ್ಥರು ಸಾವಕಾಶವಾಗಿ ಯೋಚಿಸಿ ಎಂದು ಬರೆದರು. ಆ ದಿನಗಳಲ್ಲಿ ಮಗಳು ಒಮ್ಮೆ ಅಮ್ಮನಿಗೆ ಹಳೆಯ ಪ್ರಶ್ನೆಪತ್ರಿಕೆ ತೋರಿಸುವಳು, ಒಮ್ಮೆ ಕಾರಣವಿಲ್ಲದೆ ಸಿಡುಕುವಳು. ಗಂಡ ಯಾರ ಪಕ್ಷಕ್ಕೂ ಹೋಗಲಿಲ್ಲ, ಇಬ್ಬರ ತಟ್ಟೆಗೂ ಬಡಿಸಿದ.

ಕೊನೆಗೆ ಅವಳು ಸೇರುತ್ತೇನೆ ಎಂದು ಬರೆದಳು. ಬರೆದು, ಕಳಿಸಿ, ಆಮೇಲೆ ಮಗಳಿಗೆ ಹೇಳಿದಳು. ಮೊದಲೇ ಕೇಳಿದ್ದರೆ ಮಗಳು ಒಪ್ಪುತ್ತಿದ್ದಳು. ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಮಗಳು “ಸರಿ” ಎಂದಳು. ಎರಡು ದಿನ ಅಷ್ಟೇ ಮಾತು. ಮೂರನೆಯ ದಿನ ಅಡುಗೆಮನೆಗೆ ಬಂದು, ಅಮ್ಮ ರಜೆ ಹಾಕಿದರೆ ಕಿವಿ ಕೋಣೆಯಲ್ಲಿ ಯಾರು ಕೂರುತ್ತಾರೆ, ಆಸ್ಪತ್ರೆಯವರು ಹಂಗಾಮಿಯಾಗಿ ಯಾರನ್ನಾದರೂ ತೆಗೆದುಕೊಳ್ಳುತ್ತಾರಾ ಎಂದು, ಎಲ್ಲೋ ನೋಡುತ್ತ ಕೇಳಿದಳು.